ತತ್ತಿ ಮುಟ್ಟದ ತಗಡು

ಹೇಳಬೇಕಾದ ಮಾತು ಅಂಥ ಉದ್ದದ್ದೇನೂ ಅಲ್ಲ. ‘ಶೇಂಗಾ ನನ್ನ ಬಿಸ್ಕಿಟಿನಾಗ ಇತ್ತರಿ.’ ಬೆಳಗಾವಿಯ ಮೂರನೇ ರೈಲ್ವೆ ಗೇಟಿನ ಹತ್ತಿರ ಖಾನಾಪುರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಾಗಿನಿಂದ ರತ್ನಮಾಲಾ ಅದನ್ನು ಬಾಯೊಳಗೇ ಹೊರಳಿಸುತ್ತಿದ್ದಳು. ಉದ್ಯಮಬಾಗ ದಾಟುವವರೆಗೆ ಮಾತು ನೆಟ್ಟಗಿತ್ತು. ಪೀರನವಾಡಿಗೆ ಬರುವಷ್ಟರಲ್ಲಿ ‘ಇದ್ದಿರಬೇಕು ಅನಸ್ತೈತ್ರಿ’ ಎಂದು ಅದಕ್ಕೊಂದು ಬಾಲ ಬಂತು. ಇನ್ನೊಂದೆರಡು ಸ್ಟಾಪು ಕಳೆದ ಮೇಲೆ ‘ಎರಡ ದಿನಾ ಕರೆಂಟ್ ಇರಲಿಲ್ಲ ನೋಡ್ರಿ, ಅದಕ್ಕ…’ ಎಂದು ಶುರುವಾಗತೊಡಗಿತು. ಹೀಗೇ ಬಿಟ್ಟರೆ ಖಾನಾಪುರ ಮುಟ್ಟುವ ಹೊತ್ತಿಗೆ ತಪ್ಪು ಪೂರ್ತಿ ವಿದ್ಯುತ್ ಇಲಾಖೆಯದೇ ಆಗಿಬಿಡುತ್ತದೆ ಎಂದು ಆಕೆಗೆ ತನ್ನ ಮೇಲೆಯೇ ಹೇಸಿಗೆ ಬಂತು. ಬಾಜೂಕ ಕೂತ ಹೆಂಗಸು ‘ಡಬ್ಬ್ಯಾಗ ಏನೈತ್ರಿ, ಭಾಳ ಛಲೋ ವಾಸನಿ ಬರಾಕತ್ತೈತಿ’ ಎಂದಳು. ರತ್ನಮಾಲಾ ‘ಏನಿಲ್ರಿ’ ಎಂದು ಡಬ್ಬಿಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಏನಿಲ್ಲ ಎಂದದ್ದು ಒಂದು ರೀತಿಯಲ್ಲಿ ಖರೆಯೇ. ಡಬ್ಬಿಯ ಮೇಲೆ ಅಂಟಿಸಿದ ಚೀಟಿಯೂ ಅದನ್ನೇ ಹೇಳುತ್ತಿತ್ತು: ಗೋಧಿ ಇಲ್ಲ, ಶೇಂಗಾ ಇಲ್ಲ, ತತ್ತಿ ಇಲ್ಲ. ‘ಮಂದಿ ಏನೈತಿ ಅಂತ ಹೇಳಿ ಮಾರತಾರ, ನೀ ಏನಿಲ್ಲ ಅಂತ ಹೇಳಿ ಮಾರತೀ. ಭಾರೀ ಅಂಗಡಿ ಬಿಡು ನಿಂದು’ ಎಂದು ಗಂಡ ಪಾಯಪ್ಪ ನಕ್ಕಿದ್ದ. ಆಗ ಅವಳೂ ನಕ್ಕಿದ್ದಳು. ಅಕ್ಕಿಹಿಟ್ಟು, ನಾಚಣಿ ಅಂದರೆ ರಾಗಿ ಹಿಟ್ಟು, ಬೆಲ್ಲ, ತುಪ್ಪ, ಕಲಸಿದ್ದು ಒಡೆಯದಂತೆ ಹಿಡಿದುಕೊಳ್ಳಲು ಒಂದಿಷ್ಟು ಬಾಳೆಹಣ್ಣು. ಇಷ್ಟನ್ನು ಹದಕ್ಕೆ ತರಲು ಹತ್ತು ವರ್ಷ ಬೇಕಾಗಿತ್ತು. ಮಗ ಪಾರ್ಶ್ವನಿಗೆ ಮೂರು ವರ್ಷವಿದ್ದಾಗ ಚಪಾತಿ ತಿಂದರೆ ಮೈಯೆಲ್ಲ ದದ್ದು ಏಳುತ್ತಿತ್ತು, ಹೊಟ್ಟೆ ಉಬ್ಬುತ್ತಿತ್ತು. ಡಾಕ್ಟರು ಗೋಧಿ ಬಿಡಿಸಿದರು. ಬೇರೆಯವರ ಮನೆಯ ಹುಟ್ಟಿದಹಬ್ಬಕ್ಕೆ ಹೋಗಿ ಅಲ್ಲಿ ಗೋಡೆಗೆ ಒರಗಿ ನಿಂತು, ಉಳಿದ ಮಕ್ಕಳ ಬಾಯಿಯನ್ನೇ ನೋಡುತ್ತಿದ್ದ ಆ ಹುಡುಗನ ಸಲುವಾಗಿ ಅವಳು ಅಲ್ಯುಮಿನಿಯಮ್ಮಿನ ದುಂಡನೆಯ ಓವನ್ ತಂದು, ಸುಟ್ಟು, ಕರಿಕಲು ಮಾಡಿ, ಪುಡಿಯಾಗಿಸಿ, ಅತ್ತು, ಕಡೆಗೆ ಕಲಿತಿದ್ದಳು. ಹದಿನೈದಕ್ಕೆ ಬಂದ ಅದೇ ಪಾರ್ಶ್ವ ಒಂದು ಸಂಜೆ ಗೆಳೆಯರ ಜೊತೆ ಕಾಲೇಜು ರಸ್ತೆಯ ಗಾಡಿಯ ಮುಂದೆ ಪಾವ್ ಭಾಜಿ ತಿನ್ನುತ್ತ ಅವಳ ಕಣ್ಣಿಗೆ ಬಿದ್ದ. ‘ಮೂರ ತಿಂಗಳಾತು ತಿನ್ನಾಕತ್ತು, ಏನೂ ಆಗೂದಿಲ್ಲ’ ಎಂದ. ‘ಬೆಳದಂಗ ಹೋಗಿಬಿಡತೈತ್ರಿ ಕೆಲವ್ರಿಗೆ’ ಎಂದು ಡಾಕ್ಟರೂ ನಕ್ಕರು. ಆ ಹೊತ್ತು ಅವಳಿಗೆ ಸಂತೋಷವಾಗಬೇಕಾಗಿತ್ತು. ಬದಲಿಗೆ ಮನೆಗೆ ಬಂದು ಓವನ್ನಿನ ಮುಂದೆ ಸುಮ್ಮನೆ ಕೂತಳು, ಯಾರೋ ಕೆಲಸದಿಂದ ತೆಗೆದುಹಾಕಿದವರ ಹಾಗೆ. ಮಗ ಹುಷಾರಾದದ್ದಕ್ಕೆ ಸಂಕಟಪಡುವ ತಾಯಿ ಎಂಥವಳು ಎಂದು ತನ್ನನ್ನೇ ಕೇಳಿಕೊಂಡು ಉತ್ತರಕ್ಕೆ ಕಾಯದೆ ಎದ್ದು ಪಾತ್ರೆ ತೊಳೆದಿದ್ದಳು.

ಅದೇ ಡಾಕ್ಟರು ಆಮೇಲೆ ಖಾನಾಪುರದ ಪ್ರಮಿಳಾಗೆ ಇವಳ ವಿಳಾಸ ಬರೆದುಕೊಟ್ಟರು. ಪ್ರಮಿಳಾಳ ಆರು ವರ್ಷದ ಮಗಳು ಮನಿಷಾಗೆ ಶೇಂಗಾ ಆಗುವುದಿಲ್ಲ. ದದ್ದು ಗಿದ್ದು ಅಲ್ಲ. ಚೂರು ಬಾಯಿಗೆ ಹೋದರೂ ಗಂಟಲು ಕಟ್ಟಿ ಉಸಿರೇ ನಿಲ್ಲುವಂಥದ್ದು. ಶೇಂಗಾ ಇಲ್ಲದ ಅಡಿಗೆಮನೆ ಈ ಕಡೆ ಎಲ್ಲಿದೆ? ಚಟ್ನಿಯಲ್ಲಿ, ಪಲ್ಯದಲ್ಲಿ, ಎಣ್ಣೆಯಲ್ಲಿ, ಹಬ್ಬದ ಉಂಡೆಯಲ್ಲಿ, ಉಪವಾಸದಲ್ಲಿ ಕೂಡ ಅದೇ. ಮೊದಲ ಸಲ ತಾಯಿಯ ಜೊತೆ ಟಿಳಕವಾಡಿಯ ಇವಳ ಮನೆಗೆ ಬಂದ ಆ ಹುಡುಗಿ ಬಿಸ್ಕಿಟು ಕೈಯಲ್ಲಿ ಹಿಡಿದು, ತಿನ್ನದೆ, ಮೊದಲು ತಾಯಿಯ ಮುಖ ನೋಡಿದಳು. ತಾಯಿ ಹೂಂ ಎಂದ ಮೇಲೆ ಒಂದು ತಿಂದಳು. ತಿಂದು, ‘ಇನ್ನೊಂದ ತಿಂದ್ರೂ ಏನೂ ಆಗೂದಿಲ್ಲೇನ?’ ಎಂದು ಕೇಳಿದಳು. ರತ್ನಮಾಲಾಗೆ ಎಷ್ಟೋ ದಿನದ ಮೇಲೆ ತಾನು ಬೇಕಾದವಳು ಅನ್ನಿಸಿತು. ಮುಂದೆ ಐದಾರು ಮನೆಗಳಾದವು, ಟಿಳಕವಾಡಿಯ ಒಂದು ಅಂಗಡಿಯವನೂ ಪೊಟ್ಟಣ ಇಟ್ಟುಕೊಂಡ, ಪಾರ್ಶ್ವ ಯಾವುದೋ ಕಂಪ್ಯೂಟರಿನಲ್ಲಿ ಚೀಟಿ ಮಾಡಿಸಿಕೊಟ್ಟ. ಎಲ್ಲ ನಡೆದದ್ದು ಆ ಒಂದು ಪ್ರಶ್ನೆಯಿಂದ. ಈಗ ಅದೇ ಹುಡುಗಿಯ ಮನೆಗೆ ಹೋಗಿ ಹೇಳಬೇಕು.

ಬಸ್ಸು ಒಂದು ಹಳ್ಳ ಇಳಿದು ಹತ್ತಿತು. ಡಬ್ಬಿಯೊಳಗೆ ಬಿಸ್ಕಿಟುಗಳು ಕಟಕಟ ಸದ್ದು ಮಾಡಿದವು. ಅವತ್ತೂ ಹೀಗೇ ಸದ್ದು ಮಾಡಿದ್ದವು, ಶ್ರಾವಣದ ಕೊನೆಯ ಸೋಮವಾರದ ಹಿಂದಿನ ದಿನ. ಸೋಮವಾರ ಮನಿಷಾಳ ಹುಟ್ಟಿದಹಬ್ಬ. ಸಾಲಿಯಲ್ಲಿ ನಲವತ್ತೆರಡು ಮಕ್ಕಳಿಗೆ ಹಂಚಬೇಕು. ‘ಯಾವಾಗಲೂ ಮಂದಿ ಕೊಟ್ಟದ್ದನ್ನ ಬ್ಯಾಡ ಅಂತಾಳರಿ ಅಕ್ಕಾರ, ಈ ಸಲ ತಾನು ಕೊಡಲಿ’ ಎಂದು ಪ್ರಮಿಳಾ ಫೋನಿನಲ್ಲಿ ಹೇಳಿದ್ದಳು. ಗಾಳಿಮಳೆಗೆ ಎಲ್ಲೋ ಕಂಬ ಬಿದ್ದು ಎರಡು ದಿನದಿಂದ ಕರೆಂಟಿಲ್ಲ. ಕಲಸಿದ ಹಿಟ್ಟು ಬೋಗುಣಿಯಲ್ಲಿ ಕೂತಿತ್ತು. ದೀಪಾವಳಿಯಲ್ಲಿ ಓಣಿಯ ಹೆಂಗಸರೆಲ್ಲ ನಾನಕಟಾಯಿ ಹಿಟ್ಟನ್ನು ಹೊತ್ತು ಬೇಕರಿಯ ಭಟ್ಟಿಗೆ ಒಯ್ಯುವುದಿಲ್ಲವೇ, ಹಾಗೆ ಇವಳೂ ಒಯ್ದಳು. ಭಟ್ಟಿಯ ಆಳಕ್ಕೆ ಇವಳ ಸಣ್ಣ ದುಂಡನೆಯ ತಟ್ಟೆಗಳು ಒಗ್ಗಲಿಲ್ಲ. ಭಟ್ಟಿಯ ಕರೆಪ್ಪ ತನ್ನ ಉದ್ದನೆಯ ತಗಡುಗಳಲ್ಲಿ ಹಾಕಿಕೊಡುತ್ತೇನೆ ಎಂದ. ಆಗ ಅವಳು ಒಂದು ಪ್ರಶ್ನೆ ಕೇಳಿದಳು. ಜೈನರ ಮನೆಯಲ್ಲಿ ಹುಟ್ಟಿದಾಗಿನಿಂದ ಹೊರಗೆ ಏನೇ ಬಾಯಿಗಿಟ್ಟರೂ ಕೇಳಿಕೊಂಡು ಬಂದದ್ದು, ತಾಯಿ ಕೇಳುತ್ತಿದ್ದದ್ದು, ಅಜ್ಜಿ ಕೇಳುತ್ತಿದ್ದದ್ದು.

‘ತತ್ತಿ ಮುಟ್ಟಿದ ತಗಡ ಅಲ್ಲಲ್ಲೋ ಕರೆಪ್ಪಾ?’

‘ಏ ಬಾಯಾರ, ನಿಮಗ ಹಂತಾದ್ದ ಕೊಡತೀನೇನ್ರಿ? ನಿಮ್ಮ ಮಂದಿ ನನಗ ಹೊಸಬರೇನು? ಇವು ಉಪಾಸದ ಬಿಸ್ಕಿಟ್ ಮಾಡೂ ತಗಡ. ತತ್ತಿ ಇವನ್ನ ಕನಸಿನ್ಯಾಗೂ ಮುಟ್ಟಿಲ್ಲ.’

ಉಪವಾಸದ ಬಿಸ್ಕಿಟು ಯಾವುದರಿಂದ ಮಾಡುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲವೇ? ರಾಜಗಿರಿ ಹಿಟ್ಟು, ಶೇಂಗಾ ಕುಟ್ಟಿದ ಪುಡಿ. ಸಣ್ಣ ಮಕ್ಕಳಿಗೂ ಗೊತ್ತಿದ್ದದ್ದು. ಆದರೆ ತತ್ತಿ ಇಲ್ಲ ಎಂಬುದು ಕಿವಿಗೆ ಬಿದ್ದದ್ದೇ ಮನಸ್ಸು ಬಾಗಿಲು ಹಾಕಿಕೊಂಡು ಮಲಗಿಬಿಟ್ಟಿತ್ತು. ತನ್ನ ಕುಲದ ಪ್ರಶ್ನೆ ಕೇಳಿದಳು, ಹುಡುಗಿಯ ಪ್ರಶ್ನೆ ಮರೆತಳು. ಇಷ್ಟೇ ಆಗಿದ್ದರೆ ಮರೆವು ಎನ್ನಬಹುದಿತ್ತು. ತಗಡು ಭಟ್ಟಿಯಿಂದ ಹೊರಬಂದಾಗ ಹುರಿದ ಶೇಂಗಾದ ವಾಸನೆ ಮೂಗಿಗೆ ಬಡಿಯಿತು. ಭಟ್ಟಿಯೆಂದ ಮೇಲೆ ನೂರು ವಾಸನೆ ಇರುತ್ತವೆ ಎಂದು ಅಂದುಕೊಂಡಳು. ಮನೆಗೆ ಬಂದು ಜೋಡಿಸುವಾಗ ಒಂದು ಬಿಸ್ಕಿಟಿನ ತಳಕ್ಕೆ ಶೇಂಗಾದ ಕೆಂಪು ಸಿಪ್ಪೆ ಅಂಟಿಕೊಂಡದ್ದು ಕಂಡಿತು, ಉಗುರಿನಷ್ಟೂ ಇಲ್ಲ. ಕೆರೆದು ತೆಗೆದಳು. ಆ ಬಿಸ್ಕಿಟನ್ನು ಬದಿಗಿಟ್ಟಳು. ಉಳಿದವನ್ನು ಒಂದೊಂದಾಗಿ ತಿರುವಿ ನೋಡತೊಡಗಿದಳು. ಹತ್ತು ನೋಡಿದಳು, ಏನೂ ಇರಲಿಲ್ಲ. ಹನ್ನೊಂದನೆಯದನ್ನು ಕೈಗೆತ್ತಿಕೊಂಡು, ತಿರುವದೆ, ಡಬ್ಬಿಗೆ ಹಾಕಿದಳು. ಆಮೇಲಿನವನ್ನೂ ಹಾಗೇ. ತಿರುವಿದರೆ ಕಾಣಬಹುದು, ಕಂಡರೆ ಫೋನು ಮಾಡಬೇಕು, ಆಗುವುದಿಲ್ಲ ಎನ್ನಬೇಕು. ಹುಡುಗಿ ಹೊಸ ಅಂಗಿ ಹಾಕಿಕೊಂಡು ಬರಿಗೈಲಿ ಸಾಲಿಗೆ ಹೋಗಬೇಕು. ಇವಳ ಚೀಟಿ ಸುಳ್ಳಾಗಬೇಕು. ಬೆಳಗಿನ ಮೊದಲ ಬಸ್ಸಿನ ಕಂಡಕ್ಟರನ ಕೈಗೆ ಡಬ್ಬಿ ಕೊಟ್ಟು, ‘ಸ್ಟ್ಯಾಂಡಿಗೆ ಅವರ ಯಜಮಾನ್ರು ಬರತಾರ, ಸಂಭಾಳಿಸಿ ಒಯ್ರಿ’ ಎಂದು ಹೇಳಿ ಬಂದಿದ್ದಳು. ಸಂಭಾಳಿಸಲು ಕಂಡಕ್ಟರನಿಗೆ ಹೇಳಿದ್ದಳು.

ಆ ಸಂಜೆ ಫೋನು ಬಂತು. ಬೆಳಗಾವಿಯ ಒಂದು ದವಾಖಾನೆಯಿಂದ ಪ್ರಮಿಳಾ ಅಳುತ್ತಿದ್ದಳು. ಹುಡುಗಿಯ ಮುಖ ಬಾತು ಕಣ್ಣೇ ಕಾಣದಂತಾಗಿತ್ತು, ಜೀಪಿನಲ್ಲಿ ತರುವಾಗ ತುಟಿ ನೀಲಿಯಾಗಿತ್ತು, ಈಗ ಉಸಿರಾಡುತ್ತಿದ್ದಾಳೆ. ‘ಏನ ತಿಂದಿದ್ಲು?’ ಎಂದು ರತ್ನಮಾಲಾ ಕೇಳಿದಳು. ತನ್ನ ದನಿ ತನಗೇ ಪರಕೀಯವಾಗಿ ಕೇಳಿಸಿತು. ‘ನಿಮ್ಮ ಬಿಸ್ಕಿಟ್ ಅಲ್ರಿ ಅಕ್ಕಾರ. ಸಾಲ್ಯಾಗ ಎಲ್ಲಾ ಹುಡುಗರೂ ತಿಂದಾವು, ಯಾರಿಗೂ ಏನೂ ಆಗಿಲ್ಲ. ಇಕಿ ತನ್ನ ಪಾಲಿಂದು ಇಟಗೊಂಡ ಬಂದಿದ್ಲು, ಅಜ್ಜಿ ಕೈಯಾಗ ತಿನ್ನತೀನಂತ. ನಮ್ಮತ್ತಿ ಮುಂಜಾನೆ ಶೇಂಗಾ ಚಟ್ನಿ ಕುಟ್ಟಿದ್ರು. ಅದ ಕೈಯಿಂದ ಬಿಸ್ಕಿಟ್ ಬಾಯಾಗ ಇಟ್ಟಾರ.’ ಶೇಂಗಾ ಆಗದ ಒಬ್ಬಳ ಕಥೆಗೆ ಶೇಂಗಾ ಆಗುವ ನಲವತ್ತೆರಡು ಮಕ್ಕಳು ಸಾಕ್ಷಿಯಾಗುವುದಿಲ್ಲ ಎಂದು ಹೇಳಬಲ್ಲವಳು ಆ ಫೋನಿನ ಎರಡೂ ತುದಿಯಲ್ಲಿ ರತ್ನಮಾಲಾ ಒಬ್ಬಳೇ ಇದ್ದಳು. ಅವಳು ಹೇಳಲಿಲ್ಲ. ಹೇಳದೆ ಇದ್ದದ್ದಕ್ಕಿಂತ ಹೆಚ್ಚಾಗಿ ಅವಳನ್ನು ತಿನ್ನುತ್ತಿದ್ದದ್ದು ಬೇರೆ. ನಮ್ಮತ್ತಿ ಎಂಬ ಮಾತು ಕೇಳಿದ್ದೇ ಎದೆಯೊಳಗಿನಿಂದ ಒಂದು ಉಸಿರು ಹಗುರಾಗಿ ಹೊರಬಿದ್ದಿತ್ತು. ಆ ಉಸಿರು ಪ್ರಮಿಳಾಗೆ ಕೇಳಿಸಿತ್ತು. ‘ನೀವರೆ ಎಷ್ಟ ಜೀವಾ ಹಚಗೊಂಡೀರಿ’ ಎಂದು ಆಕೆ ಇನ್ನಷ್ಟು ಅತ್ತಿದ್ದಳು.

ದವಾಖಾನೆ ರಿಕ್ಷಾದಲ್ಲಿ ಹದಿನೈದು ನಿಮಿಷದ ದಾರಿ. ಹುಡುಗಿ ಅಲ್ಲಿ ನಾಲ್ಕು ದಿನ ಇದ್ದಳು, ಇವಳು ಹೋಗಲಿಲ್ಲ. ಹಿಂದೆಯೇ ದಶಲಕ್ಷಣ ಪರ್ವ ಬಂತು. ಹತ್ತು ದಿನ ಒಪ್ಪತ್ತು ಊಟ ಮಾಡಿದಳು, ಬಸದಿಯಲ್ಲಿ ‘ಈ ಸಲ ರತ್ನಮಾಲಾ ಭಾಳ ಕಟ್ಟುನಿಟ್ಟು ಹಿಡದಾಳ’ ಎಂದು ಹೆಂಗಸರು ಮೆಚ್ಚಿದರು. ಪರ್ವ ಮುಗಿದ ಮೇಲೆ ನಿನ್ನೆ ಕ್ಷಮಾವಾಣಿ. ಎಲ್ಲರೂ ಎಲ್ಲರಿಗೂ ಕೈ ಮುಗಿದು, ವರ್ಷದಲ್ಲಿ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುವ ದಿನ. ಅವಳೂ ಓಣಿಯ ತುಂಬ ಕೇಳಿದಳು. ಯಾರಿಗೆ ಯಾವ ತಪ್ಪೂ ಮಾಡಿರಲಿಲ್ಲವೋ ಅವರನ್ನೆಲ್ಲ, ಅಂಗಡಿಯವನನ್ನು, ಪಾಯಪ್ಪನನ್ನು. ಪಾರ್ಶ್ವನಿಗೆ ಕೇಳಿದಾಗ ‘ಯಾಕ ಅಳತಿ ಅವ್ವಾ, ಬರೇ ಪದ್ಧತಿ ಅಲ್ಲಾ ಇದು?’ ಎಂದು ಅವನು ಗಾಬರಿಯಾದ. ಇವತ್ತು ಬೆಳಿಗ್ಗೆ ತನ್ನ ಓವನ್ನಿನಲ್ಲಿ, ತನ್ನ ತಟ್ಟೆಯಲ್ಲಿ ಹೊಸದಾಗಿ ಬಿಸ್ಕಿಟು ಮಾಡಿದಳು. ಮೊದಲು ಹೇಳುವುದು, ಆಮೇಲೆ ಡಬ್ಬಿ ಕೊಡುವುದು, ಮುಖದ ಮೇಲೆ ಒಗೆದರೆ ಒಗೆಯಲಿ.

ಖಾನಾಪುರದ ಸ್ಟ್ಯಾಂಡಿನಲ್ಲಿ ಇಳಿದಾಗ ಸಣ್ಣ ಮಳೆ ಹಿಡಿದಿತ್ತು. ಹೆಂಚಿನ ಕಾರಖಾನೆಯ ಹಿಂದಿನ ಓಣಿಯಲ್ಲಿ ಮನೆ. ಪ್ರಮಿಳಾಳ ಗಂಡ ಕಲ್ಮೇಶ ಪೋಸ್ಟಿನ ಕೆಲಸಕ್ಕೆ ಹೋಗಿದ್ದ. ‘ಅಯ್ಯ, ಬರ್ರಿ ಅಕ್ಕಾರ, ಬರ್ರಿ! ಇಷ್ಟ ದೂರ ಬಂದ್ರೀ, ಮಳ್ಯಾಗ! ಕುಂದರ್ರಿ’ ಎಂದು ಪ್ರಮಿಳಾ ಚಾಪೆ ಹಾಸಿದಳು. ಬಾಗಿಲ ಸಂದಿಯಿಂದ ಮನಿಷಾ ಇಣುಕಿದಳು. ಮೊದಲಿಗಿಂತ ಸಣ್ಣಗಾಗಿದ್ದಳು, ಕಣ್ಣು ಮಾತ್ರ ದೊಡ್ಡವಾಗಿದ್ದವು. ಡಬ್ಬಿ ನೋಡಿದಳು, ತಾಯಿಯನ್ನು ನೋಡಿದಳು. ಹಿಂದಿನ ಬಾಗಿಲು ತೆರೆದಿತ್ತು. ಅಂಗಳದಲ್ಲಿ ಒಳಕಲ್ಲಿನ ಮೇಲೆ ಗೋಣಿಚೀಲ ಮುಚ್ಚಿ ಇಟ್ಟಿಗೆ ಇಟ್ಟಿದ್ದರು. ದನದ ಕೊಟ್ಟಿಗೆಯ ಸೂರಿನ ಕೆಳಗೆ ಒಂದು ತಾಟು, ಒಂದು ತಂಬಿಗೆ, ಮೂರು ಕಲ್ಲಿನ ಒಲೆ, ಅದರ ಪಕ್ಕ ಮೊಣಕಾಲು ಮಡಚಿ ಕೂತ ಸತ್ಯವ್ವ, ಪ್ರಮಿಳಾಳ ಅತ್ತೆ.

‘ಅವರು ಅಲ್ಯಾಕ ಕುಂತಾರ?’ ಎಂದು ರತ್ನಮಾಲಾ ಕೇಳಿದಳು.

‘ಯಾರೂ ಕಳಿಸಿಲ್ರಿ, ತಾವಾಗೇ ಹೋಗ್ಯಾರ. ನನ್ನ ಕೈ ನನಗ ನಂಬಿಗಿಲ್ಲ ಅಂತಾರ. ನಾನೂ ಬ್ಯಾಡ ಅನ್ನಲಿಲ್ರಿ ಅಕ್ಕಾರ, ಖರೇ ಹೇಳತೀನಿ. ಕೂಸಿನ ತುಟಿ ಹೆಂಗಾಗಿತ್ತು ನೋಡೇನಲ್ಲ.’ ಪ್ರಮಿಳಾ ದನಿ ಇಳಿಸಿದಳು. ‘ಮನ್ಯಾಗಿಂದು ಏನೂ ಕೊಡಾಕ ಧೈರ್ಯ ಬರವಲ್ದು. ಬರೇ ಅನ್ನಾ, ಹಾಲು. ಇನ್ನಮ್ಯಾಲೆ ನಿಮ್ಮ ಕೈಯಿಂದು ಅಷ್ಟ ಕೊಡಾಕಿ ನಾನು.’

ಈಗ. ಇದಕ್ಕಿಂತ ಸರಿಯಾದ ಹೊತ್ತು ಬರುವುದಿಲ್ಲ ಎಂದು ಗೊತ್ತಾಯಿತು. ರತ್ನಮಾಲಾ ಚಾಪೆಯಿಂದ ಎದ್ದಳು, ಕೈ ಮುಗಿದಳು. ಬಾಯಿಂದ ಬಂದದ್ದು ಬಸ್ಸಿನುದ್ದಕ್ಕೂ ಹೊರಳಿಸಿದ ಮಾತಲ್ಲ. ‘ಪ್ರಮಿಳಾ, ನನ್ನಿಂದ ದೊಡ್ಡ ತಪ್ಪಾಗೇತಿ. ನನಗ ಕ್ಷಮಾ ಮಾಡು’ ಎಂದಳು. ಅಷ್ಟು ಸಾಕಾಗುತ್ತದೆ, ಯಾವ ತಪ್ಪು ಎಂದು ಅವಳೇ ಕೇಳುತ್ತಾಳೆ, ಕೇಳಿದರೆ ಹೇಳಿಬಿಡುತ್ತೇನೆ ಎಂದು ಕಣ್ಣು ಮುಚ್ಚಿ ಕಾದಳು. ಪ್ರಮಿಳಾ ಒಂದು ಗಳಿಗೆ ಬೆಪ್ಪಾಗಿ ನೋಡಿದಳು. ಆಮೇಲೆ ಮುಖ ಅರಳಿತು.

‘ಹೌದಲ್ರಿ! ನಿಮ್ಮ ಮಂದ್ಯಾಗ ಉಪಾಸ ಮುಗದಮ್ಯಾಲೆ ಹಿಂಗ ಎಲ್ಲಾರಿಗೂ ಕೇಳತಾರಲ್ಲ? ನಮ್ಮ ಸಾಲಿ ಬಾಯಾರೂ ಜೈನರ ಇದ್ರು, ಪ್ರತಿ ವರ್ಷ ನಮಗ ಹುಡುಗರಿಗೂ ಕೈ ಮುಗೀತಿದ್ರು. ಎಂಥಾ ಛಲೋ ಪದ್ಧತಿ ನೋಡ್ರಿ. ಅದಕ್ಕಂತ ಬೆಳಗಾವಿಯಿಂದ ಬಂದ್ರೇನು? ನೀವು ನಮಗೇನ ತಪ್ಪ ಮಾಡೀರಿ, ದೇವರಂಥವರು.’

ಅಲ್ಲ ಎನ್ನಲು ಒಂದು ಶಬ್ದ ಸಾಕಿತ್ತು. ರತ್ನಮಾಲಾ ಮುಗಿದ ಕೈಯನ್ನು ಹಾಗೇ ಹಿಡಿದು ನಿಂತಿದ್ದಳು. ಬೇಕೆಂದೇ ಈ ದಿನ ಆರಿಸಿಕೊಂಡು ಬಂದೆನೇ, ಹೇಳಿದಂತೆಯೂ ಆಗಬೇಕು, ಹೇಳದಂತೆಯೂ ಆಗಬೇಕು ಎಂದು? ಬಂದದ್ದು ಹಾಗೆಯೇ ಎಂದು ಒಳಗಿನಿಂದ ಉತ್ತರ ಬಂತು. ಅಷ್ಟರಲ್ಲಿ ಪ್ರಮಿಳಾ ಚಹಾ ಇಡಲು ಒಳಗೆ ಹೋದಳು.

ಕಾಲಿನ ಕೆಸರು ತೊಳೆಯುವ ನೆವದಿಂದ ರತ್ನಮಾಲಾ ಹಿತ್ತಲಿಗೆ ಬಂದಳು. ಸತ್ಯವ್ವ ತಂಬಿಗೆಯನ್ನು ಮುಂದೆ ಸರಿಸಿ, ಮುಟ್ಟದಂತೆ ಕೈ ಹಿಂದಕ್ಕೆಳೆದುಕೊಂಡಳು. ಆ ಕೈ ಸೋಡಾ ಹಾಕಿ ತಿಕ್ಕಿ ತಿಕ್ಕಿ ಬಿಳಿಚಿ, ಬೆರಳ ಸಂದಿಗಳಲ್ಲಿ ಬಿರಿದಿತ್ತು.

‘ಎರಡ ಸಲಾ ತೊಳಕೊಂಡಿದ್ನಿರಿ ಬಾಯಾರ ಅವತ್ತ’ ಎಂದಳು ಮುದುಕಿ, ಯಾರೂ ಕೇಳದೆಯೇ. ‘ಬೂದಿ ಹಚ್ಚಿ ಒಮ್ಮಿ, ಸಾಬಾನ ಹಚ್ಚಿ ಒಮ್ಮಿ. ನಂಗ ಖರೇ ನೆನಪೈತಿ. ಆದ್ರ ಎಲ್ಲಾರೂ ಅನ್ನಾಕತ್ರು, ಉಗುರ ಸಂದ್ಯಾಗ ಇತ್ತೇನೋ. ಇದ್ರೂ ಇದ್ದೀತು. ಮುದುಕಿ ಕಣ್ಣು, ಏನ ಕಾಣತೈತಿ.’

‘ಇಲ್ಲ ಅವ್ವಾರ, ನಿಮ್ಮ ಕೈಯಾಗ ಇರಲಿಲ್ಲ’ ಎಂದಳು ರತ್ನಮಾಲಾ. ಅಷ್ಟನ್ನು ಹೇಗೋ ಹೇಳಿದಳು. ದನಿ ಒಳಗೆ ಚಹಾ ಸೋಸುವವಳಿಗೆ ಕೇಳಿಸದಷ್ಟು ಸಣ್ಣದಿತ್ತು.

‘ನೀವು ಹಂಗ ಅಂತೀರಿ, ಮನಸು ದೊಡ್ಡದು.’ ಸತ್ಯವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ‘ಒಂದ ಕೇಳತೀನಿ, ಇಲ್ಲ ಅನಬ್ಯಾಡ್ರಿ. ಈಗ ಒಳಗ ಅಂದ್ರಲ್ಲ, ಕ್ಷಮಾ ಕೇಳೂ ಮಾತು. ಅದನ್ನ ಹೆಂಗ ಅನಬೇಕು, ನಂಗೂ ಕಲಸ್ರಿ. ಕೂಸಿಗೆ ಒಂದ ಸಲಾ ಹೇಳಬೇಕು ನಾನು. ಹೆಂಗ ಹೇಳೂದು ಅಂತ ತಿಳೀವಲ್ದು. ಬರೇ ಅಳೂನ ಬರತೈತಿ.’

ಮಳೆ ಸೂರಿನಿಂದ ತಾಟಿನ ಅಂಚಿಗೆ ಹನಿಯುತ್ತಿತ್ತು. ರತ್ನಮಾಲಾ ಆ ಮುಖ ನೋಡಲಾರದೆ ಕೈಯನ್ನು ನೋಡಿದಳು. ಬಿರಿದ ಆ ಕೈಗಳನ್ನು ತಾನೇ ಹಿಡಿದು ಒಂದರ ಮೇಲೊಂದು ಜೋಡಿಸಿದಳು. ‘ಹಿಂಗ ಕೈ ಮುಗೀಬೇಕು’ ಎಂದಳು. ‘ಆಮ್ಯಾಲೆ, ತಿಳದೋ ತಿಳೀದನೋ ನನ್ನಿಂದ ತಪ್ಪಾಗಿದ್ರ…’

‘ತಿಳೀದನ ನನ್ನಿಂದ ತಪ್ಪಾಗಿದ್ರ…’

‘ತಿಳದೋ ತಿಳೀದನೋ ಅಂತ ಅನಬೇಕು.’

‘ತಿಳದು ಯಾರ ಮಾಡತಾರ್ರಿ ಹಂತಾದ್ದ, ಕೂಸಿಗೆ?’ ಎಂದು ಸತ್ಯವ್ವ ಮುಗ್ಧವಾಗಿ ಕೇಳಿದಳು.

ರತ್ನಮಾಲಾ ಆ ಕೈಗಳನ್ನು ಬಿಟ್ಟಳು. ‘ಪದ್ಧತಿ ಹಂಗ ಐತ್ರಿ’ ಎಂದಳು. ಮುದುಕಿ ಎರಡು ಸಲ ಅಂದು ನೋಡಿದಳು, ಮೂರನೆಯ ಸಲ ಸರಿಬಂತು.

ಚಹಾ ಕುಡಿದಾದ ಮೇಲೆ ಸತ್ಯವ್ವ ಹಿಂಬಾಗಿಲಿನ ಹೊಸ್ತಿಲವರೆಗೆ ಬಂದು, ಒಳಗೆ ಕಾಲಿಡದೆ, ಮೊಮ್ಮಗಳ ಮುಂದೆ ಕೈ ಮುಗಿದಳು. ಕಲಿಸಿದ ಮಾತನ್ನು ಒಂದಕ್ಷರ ತಪ್ಪದೆ ಹೇಳಿದಳು. ಮನಿಷಾ ಅಜ್ಜಿಯ ಕಡೆ ಒಂದು ಹೆಜ್ಜೆ ಇಟ್ಟು, ನಿಂತು, ತಾಯಿಯ ಮುಖ ನೋಡಿದಳು. ಪ್ರಮಿಳಾ ಕಣ್ಣೊರೆಸಿಕೊಂಡು ‘ಹೂಂ ಅನ್ನ’ ಎಂದಳು. ಹುಡುಗಿ ‘ಹೂಂ’ ಅಂದಳು. ಆಮೇಲೆ ಡಬ್ಬಿಯ ಕಡೆ ಬೆರಳು ತೋರಿಸಿ, ‘ಅಜ್ಜಿ ಕೊಡಲಿ’ ಎಂದಳು. ‘ಬ್ಯಾಡವ್ವಾ, ನನ್ನ ಕೈಯಿಂದ ಬ್ಯಾಡ. ಬಾಯಾರ ಕೊಡತಾರ’ ಎಂದು ಮುದುಕಿ ತಾನೇ ಹಿಂದೆ ಸರಿದಳು. ಎಲ್ಲರೂ ರತ್ನಮಾಲಾಳ ಕಡೆ ನೋಡಿದರು. ಅವಳು ಡಬ್ಬಿ ತೆರೆದು ಒಂದು ಬಿಸ್ಕಿಟು ತೆಗೆದು, ತಳ ತಿರುವಿ ನೋಡಿ, ಹುಡುಗಿಯ ಬಾಯಿಗೆ ಇಟ್ಟಳು.

‘ಮುಂದಿನ ಸೋಮವಾರಕ್ಕ ಎರಡ ಡಬ್ಬಿ ಕಳಸ್ರಿ ಅಕ್ಕಾರ’ ಎಂದಳು ಪ್ರಮಿಳಾ.

ರತ್ನಮಾಲಾ ಹೂಂ ಅಂದಳು.